ಹುಲಿಯೂರುದುರ್ಗಕ್ಕೆ ಹತ್ತಕ್ಕೆ ನಾಲ್ಕು

ಏಪ್ರಿಲ್ 9, 1998, ಗುರುವಾರ

ಎಲ್‌ಕೆಜಿ 'ಬಿ' ಸೆಕ್ಷನ್ನಿನ ನಲವತ್ತೊಂದು ಪ್ರೋಗ್ರೆಸ್ ಕಾರ್ಡ್ ಮುಗಿಯಿತು. ಮಾರ್ಕ್ಸ್ ಹಾಕುವುದು ಸುಲಭ. ಷರಾ ಬರೆಯುವುದೇ ಕಷ್ಟ. ವರ್ಷವಿಡೀ ಪಕ್ಕದವರ ಟಿಫನ್ ಬಾಕ್ಸ್ ಖಾಲಿ ಮಾಡಿದ ಮಗುವಿಗೆ 'ಎಲ್ಲರೊಂದಿಗೆ ಬೆರೆಯುತ್ತದೆ' ಎಂದು ಬರೆದೆ. ಒಂದು ಕಾರ್ಡ್ ಮಿಕ್ಕಿತು. ಬ್ಯಾಗಿಗೆ ಹಾಕಿಕೊಂಡೆ. ನಾಳೆಯಿಂದ ರಜ. ತುಮಕೂರಿನ ಈ ಬಿಸಿಲಿನಲ್ಲಿ ರಜ ಕೊಟ್ಟು ಏನು ಪ್ರಯೋಜನ…

ಏಪ್ರಿಲ್ 12, ಭಾನುವಾರ, ಸಂಜೆ

ಗುಬ್ಬಿಯಿಂದ ಗಂಡಿನ ಕಡೆಯವರು ಬಂದು ಹೋದರು. ಏಳು ಜನ. ಉಪ್ಪಿಟ್ಟು ಸಾಲದೆ ಅಮ್ಮ ಎರಡನೇ ಸಲ ರವೆ ಹುರಿದಳು. ಹುಡುಗನ ಹೆಸರು ಗುರುಪ್ರಕಾಶ್. ಹುಲಿಯೂರುದುರ್ಗದ ಪಶು ಆಸ್ಪತ್ರೆಯಲ್ಲಿ ಕೆಲಸ. ನೋಡಲು ಪರವಾಗಿಲ್ಲ. ಕಿವಿ ಸ್ವಲ್ಪ ದೊಡ್ಡದು.

ನಮ್ಮಿಬ್ಬರನ್ನೇ ವರಾಂಡದಲ್ಲಿ ಐದು ನಿಮಿಷ ಕೂರಿಸಿದರು. ಮೂರು ನಿಮಿಷ ಇಬ್ಬರೂ ಕ್ಯಾಲೆಂಡರ್ ನೋಡಿದೆವು.

"ನಿಮ್ಗೆ ದನ ಕಂಡ್ರೆ ಭಯಾನಾ?" ಎಂದ.

"ಇಲ್ಲ. ನೀವು ಕೆಲಸ ಮಾಡೋ ಊರು ಹೇಗಿದೆ?"

ತುಂಬ ಹೊತ್ತು ಯೋಚಿಸಿದ. "ಗಾಳಿ ಚೆನ್ನಾಗೈತೆ" ಎಂದ.

ಅಷ್ಟೇ. ಐದು ನಿಮಿಷ ಆಗಿಹೋಯಿತು.

ಏಪ್ರಿಲ್ 13, ಸೋಮವಾರ

ಅವರಿಗೆ ಒಪ್ಪಿಗೆಯಂತೆ. ಬೆಳಗ್ಗೆಯೇ ಫೋನ್ ಬಂತು. ನೀನೇನಂತೀಯ ಎಂದು ಅಪ್ಪ ಕೇಳಿದರು. ಊರು ನೋಡದೆ ಹೇಳುವುದಿಲ್ಲ ಎಂದೆ. ಅಪ್ಪನ ಕೈಯಲ್ಲಿದ್ದ ಕಾಫಿ ಲೋಟ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಹುಡುಗನ್ನ ನೋಡ್ತಾರೆ, ಮನೆ ನೋಡ್ತಾರೆ. ಊರು ನೋಡೋದು ಯಾವ ಶಾಸ್ತ್ರಾನೇ, ಕಾವ್ಯ?"

"ಅಕ್ಕನಿಗೆ ಹುಡುಗನ್ನ ನೋಡಿದ್ರಿ, ಮನೇನೂ ನೋಡಿದ್ರಿ. ಊರಲ್ಲಿ ನೀರಿಲ್ಲ ಅಂತ ಯಾರ್ ನೋಡಿದ್ರಿ?"

"ಅದು ನಿಜ ಕಣ್ರೀ" ಎಂದಳು ಅಮ್ಮ ಅಡುಗೆಮನೆಯಿಂದ. ಅಕ್ಕ ತವರಿಗೆ ಬಂದರೆ ಮೊದಲನೇ ದಿನವೆಲ್ಲ ಸ್ನಾನ ಮಾಡುತ್ತಾಳೆ. ಮಾತು ಎರಡನೇ ದಿನದಿಂದ.

ತೀರ್ಮಾನ ಆಯಿತು. ಅಪ್ಪನ ತಂಗಿ ಭದ್ರಮ್ಮ ಇರುವುದು ಹುಲಿಯೂರುದುರ್ಗದಲ್ಲೇ. ನಾನು 'ಭದ್ರತ್ತೆ' ಎನ್ನುವುದು. ರಜಕ್ಕೆ ಹೋದ ಹಾಗೆ ಹೋಗಿ ಹತ್ತು-ಹನ್ನೆರಡು ದಿನ ಇದ್ದು ಬರುವುದು. ಯಾಕೆ ಬಂದಿದ್ದೇನೆಂದು ಯಾರಿಗೂ ಗೊತ್ತಾಗಬಾರದು.

ಮೊನ್ನೆ ಪೇಪರಿನಲ್ಲಿ ಯಾವುದೋ ದೇಶದ ಬೆಟ್ಟದೂರುಗಳಿಗೆ ಮಾರ್ಕ್ಸ್ ಕೊಟ್ಟಿದ್ದರು, ಯಾವುದು ಬದುಕಲು ಯೋಗ್ಯ ಎಂದು. ಹವಾಮಾನ, ಮನರಂಜನೆ, ಭದ್ರತೆ. ಮಿಕ್ಕಿದ ಕಾರ್ಡ್ ತೆಗೆದೆ. ಕನ್ನಡ, ಇಂಗ್ಲಿಷ್, ಲೆಕ್ಕ ಹೊಡೆದುಹಾಕಿ ಆ ಮೂರನ್ನು ಬರೆದೆ. 'ವಿದ್ಯಾರ್ಥಿಯ ಹೆಸರು: ಹುಲಿಯೂರುದುರ್ಗ.'

ಏಪ್ರಿಲ್ 16, ಗುರುವಾರ, ಮಧ್ಯಾಹ್ನ

ಬಂದು ತಲುಪಿದೆ. ಗುಟ್ಟು ಕುಣಿಗಲ್ ದಾಟುವ ಮೊದಲೇ ರಟ್ಟಾಗಿತ್ತು. ಕುಣಿಗಲ್‌ನಲ್ಲಿ ಬಸ್ ಬದಲಾಯಿಸಿದೆ. ಟಿಕೆಟ್ ಹರಿಯುತ್ತಾ ಕಂಡಕ್ಟರ್, "ದುರ್ಗಕ್ಕಾ? ಮಿಲ್ ಗುರುಸಿದ್ದಯ್ಯನೋರ ಮನೇಗಾ? ಓಹೋ… ಊರ್ ನೋಡಕ್ ಬತ್ತಿರೋ ಹುಡ್ಗಿ ನೀವೇಯಾ!" ಎಂದ.

ಇಡೀ ಬಸ್ಸು ತಿರುಗಿತು. ಒಬ್ಬರು ಎದ್ದು ಕಿಟಕಿ ಸೀಟು ಬಿಟ್ಟುಕೊಟ್ಟರು. "ಇಲ್ಲಿಂದ ಬೆಟ್ಟ ಚೆಂದಾಗಿ ಕಾಣ್ತದೆ, ನೋಡ್ಕಳವ್ವ." ಕಂಡಿತು. ಬೋರಲು ಹಾಕಿದ ಬೋಗುಣಿಯ ಹಾಗೆ ಒಂದೇ ಬಂಡೆ. ಅದರ ಬುಡದಲ್ಲಿ ಊರು.

ಗುರುಸಿದ್ದಯ್ಯ ಭದ್ರತ್ತೆಯ ಗಂಡ. ಮಾವನದು ಹಿಟ್ಟಿನ ಮಿಲ್ಲು. ಕರೆಂಟ್ ಹೋದರೆ ರಾಗಿ ಡಬ್ಬಿ ತಂದವರೆಲ್ಲ ಅಲ್ಲೇ ಕೂತು ಮಾತಾಡುತ್ತಾರೆ. ಕರೆಂಟ್ ದಿನಾ ಹೋಗುತ್ತದೆ.

"ನಾನ್ ಯಾರ್ಗೂ ಹೇಳ್ಲಿಲ್ಲ ಕಣೇ" ಎಂದರು ಭದ್ರತ್ತೆ. "ಮಿಲ್ ತಾವ ನಾಕ್ ಜನ ಇದ್ರು, ಅಷ್ಟೇಯ."

ಏಪ್ರಿಲ್ 17, ಶುಕ್ರವಾರ

ಹವಾಮಾನ. ಬೆಟ್ಟದೂರು ಎಂದರೆ ಊಟಿಯ ಹಾಗೆ ಎಂದುಕೊಂಡು ಸ್ವೆಟರ್ ತಂದಿದ್ದೆ. ಭದ್ರತ್ತೆ ಅದನ್ನು ನೋಡಿ ನನ್ನ ಹಣೆ ಮುಟ್ಟಿ ನೋಡಿದರು, ಜ್ವರವೇನೋ ಎಂದು. ಹನ್ನೊಂದಕ್ಕೆ ಬಂಡೆ ಕಾಯಲು ಶುರು. ಮೂರಕ್ಕೆ ಊರೇ ದೋಸೆ ಹೆಂಚು. ದಾರಿಯಲ್ಲಿ ಸಿಕ್ಕ ಮೂವರು ತಾವಾಗಿ ಬಂದು ಕ್ಷಮೆ ಕೇಳಿದರು. "ಈ ವರ್ಸ ಮಾತ್ರ ಹಿಂಗೆ ಕಣವ್ವ. ಹೋದ್ ವರ್ಸ ಇದೇ ಟೈಮಲ್ಲಿ ಕಂಬ್ಳಿ ಹೊದ್ದಿದ್ವಿ." ಸುಳ್ಳು. ಮುಖ ನೋಡಿದರೆ ಗೊತ್ತಾಗುತ್ತದೆ.

ಐದು ಗಂಟೆಗೆ ಗಾಳಿ ಬಂತು. ಬಂತು ಎಂದರೆ ಬಂದೇ ಬಂತು. ಜಗಲಿಯ ಮೇಲೆ ಕೂತಿದ್ದೆ. ಎದ್ದು ಒಳಗೆ ಹೋಗಲು ಮನಸ್ಸಾಗಲಿಲ್ಲ. ಆ ಮನುಷ್ಯ ಹೇಳಿದ್ದು ಸುಳ್ಳಲ್ಲ.

ಹವಾಮಾನ: 5.

ಏಪ್ರಿಲ್ 18, ಶನಿವಾರ

ಮನರಂಜನೆ. ಟೆಂಟ್ ಸಿನಿಮಾ ಎರಡು ವರ್ಷದ ಹಿಂದೆ ಎತ್ತಿಕೊಂಡು ಹೋಯಿತಂತೆ. ಗೂಟ ಹೊಡೆದ ಗುಳಿಗಳು ಇನ್ನೂ ಇವೆ. ಭದ್ರತ್ತೆ ಅದನ್ನೂ ತೋರಿಸಿದರು.

ಲೈಬ್ರರಿಗೆ ಹೋದೆ. ಲೈಬ್ರರಿಯನ್ ಲಕ್ಷ್ಮೀನರಸಿಂಹಯ್ಯನವರು ನನಗಾಗಿ ಇಸ್ತ್ರಿ ಷರ್ಟ್ ಹಾಕಿ ನಿಂತಿದ್ದರು. 'ಮಹಿಳೆಯರಿಗೆ' ಎಂದು ಹೊಸದಾಗಿ ಬರೆದ ಬೆಂಚು. ಬಣ್ಣ ಹಸಿ. ಗೊತ್ತಾಗದೆ ಕೂತೆ. ಪತ್ರಿಕೆ ತಂದುಕೊಟ್ಟರು. ಪದಬಂಧದ ಪುಟ ಬಿಚ್ಚಿದರೆ ಚೌಕಗಳೆಲ್ಲ ಉಜ್ಜಿ ಉಜ್ಜಿ ಹರಿಯುವ ಹಾಗಿವೆ.

"ಯಾರೋ ಎಲ್ಲಾ ತುಂಬ್ಬಿಟ್ಟಿದ್ರು" ಎಂದರು. "ಬೆಳಿಗ್ಗೆಯಿಂದ ಕೂತ್ಕಂಡು ರಬ್ಬರಲ್ಲಿ ಅಳಿಸ್ದೆ. ನಿಮ್ಗೆ ಟೈಂ ಪಾಸ್ ಆಗ್ಲಿ ಅಂತ."

ಎಲ್ಲ ಉತ್ತರವೂ ಮಂಕಾಗಿ ಕಾಣುತ್ತಿತ್ತು. ಆದರೂ ಯೋಚಿಸುವ ಹಾಗೆ ನಟಿಸಿ ಒಂದೊಂದೇ ತುಂಬಿದೆ. ಅವರು ಎದುರಿಗೆ ನಿಂತು ನೋಡುತ್ತಿದ್ದರು. ಇನ್ನೇನು ಮಾಡಲಿ?

ಮನರಂಜನೆ: 3. ಅಳಿಸಿ 4 ಮಾಡಿದೆ, ರಬ್ಬರಿಗಾಗಿ. ಹಸಿರು ಚೂಡಿದಾರದ ಮೇಲಿನ ನೀಲಿ ಬಣ್ಣ ಹೋಗುತ್ತಿಲ್ಲ.

ಏಪ್ರಿಲ್ 19, ಭಾನುವಾರ

ಕೋತಿ ನನ್ನ ಬಾಚಣಿಗೆ ಎತ್ತಿಕೊಂಡು ಹೋಯಿತು. ಹೆಂಚಿನ ಮೇಲೆ ಕೂತು ಮರಿಗೆ ತಲೆ ಬಾಚುತ್ತಿದೆ. ಮುಂಬಾಗಿಲಿಗೆ ಚಿಲಕ ಇಲ್ಲ. ಇತ್ತಂತೆ, ಬಿದ್ದುಹೋಯಿತಂತೆ, ಆರು ವರ್ಷ ಆಯಿತಂತೆ. ಯಾರು ಬೇಕಾದರೂ ನೇರ ಅಡುಗೆಮನೆಗೇ ಬಂದು, "ಇವ್ಳೇನಾ?" ಎಂದು ನನ್ನನ್ನು ನೋಡಿ ಹೋಗುತ್ತಾರೆ. ಬೆಟ್ಟದ ಕಡೆಯಿಂದ ರಾತ್ರಿ ಎಂಥದೋ ಸದ್ದು. ಚಿರತೆ ಎಂದು ಮಾವ. ಅತ್ತೆಯ ಗೊರಕೆ ಎಂದು ನನ್ನ ಅನುಮಾನ. ಕಾರ್ಡಿನಲ್ಲಿ ಬರೆದೆ.

'ಭದ್ರತೆ: 4. ಷರಾ: ಕೋತಿಚೇಷ್ಟೆ ಜಾಸ್ತಿ. ಕತ್ತಲಾದರೆ ವಿಚಿತ್ರ ಸದ್ದು. ಯಾರು ಬಂದರೂ ಒಳಕ್ಕೆ ಬಿಟ್ಟುಕೊಳ್ಳುವುದು. ಸುಧಾರಣೆ ಅಗತ್ಯ.'

ಗುರುಪ್ರಕಾಶ್ ಮಾತ್ರ ಕಣ್ಣಿಗೇ ಬಿದ್ದಿಲ್ಲ. ಊರಿನವರೆಲ್ಲ ಬಂದು ನೋಡಿ ಹೋದರು, ಅವನೊಬ್ಬನನ್ನು ಬಿಟ್ಟು.

ಏಪ್ರಿಲ್ 20, ಸೋಮವಾರ, ಸಂಜೆ

ಬದುಕಿ ಬಂದೆ. ಮೊದಲಿಂದ ಬರೆಯುತ್ತೇನೆ.

ಬೆಳಗ್ಗೆ ಯಾರಿಗೂ ಹೇಳದೆ ಒಬ್ಬಳೇ ಬೆಟ್ಟ ಹತ್ತಿದೆ. ಐದು ದಿನದಲ್ಲಿ ಒಬ್ಬಳೇ ಇದ್ದದ್ದು ಅದೇ ಮೊದಲು. ಬಂಡೆಯಲ್ಲಿ ಕಡಿದ ಮೆಟ್ಟಿಲು. ಅರ್ಧಕ್ಕೆ ಹೋಗಿ ಕೂತೆ. ಸುಖವಾಗಿತ್ತು. ಇಳಿಯುವಾಗ ಮೆಟ್ಟಿಲಿನ ದಾರಿ ತಪ್ಪಿತು. ಚಪ್ಪಲಿ ಜಾರಿ ಕೆಳಗೆ ಹೋಯಿತು. ಅದು ಉರುಳಿದ ಸದ್ದು ತುಂಬ ಹೊತ್ತು ಕೇಳಿಸಿತು. ಬಂಡೆಗೆ ಬೆನ್ನು ಅಂಟಿಸಿ ಕೂತುಬಿಟ್ಟೆ. ಮೇಲಕ್ಕೂ ಆಗದು, ಕೆಳಕ್ಕೂ ಆಗದು. ಅಳು ಬಂತು. ಸುಮ್ಮನೆ ಅಲ್ಲ, ನಿಜವಾದ ಅಳು.

ಆಗ ಕೆಳಗಿನಿಂದ ಕೂಗು.

"ಎಡಗಾಲು! ಎಡಗಾಲು ಇಡವ್ವ!"

ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತು ಮೂವತ್ತು ಜನ ಕತ್ತೆತ್ತಿ ನಿಂತಿದ್ದಾರೆ. ನಡುವೆ ಲಕ್ಷ್ಮೀನರಸಿಂಹಯ್ಯನವರ ಬಿಳಿ ಷರ್ಟು. "ಆ ಕಾಲಲ್ಲ, ಇನ್ನೊಂದು! ಕುಂತ್ಕಂಡೇ ಜಾರು! ಅಂಗೇಯ!" ನಾನು ಒಂದು ಕಾಲಿಟ್ಟರೆ ಕೆಳಗೆ ಚಪ್ಪಾಳೆ. ಬಸ್ಸು ಹೊರಡದೆ ನಿಂತಿದೆ. ಮೆಟ್ಟಿಲು ಸಿಗುವ ಹೊತ್ತಿಗೆ ಇಬ್ಬರು ಮೇಲೆ ಬಂದು ಕೈ ಹಿಡಿದುಕೊಂಡರು. ಒಬ್ಬರ ಕೈಯಲ್ಲಿ ನನ್ನ ಚಪ್ಪಲಿ.

ನಾನು ಹತ್ತಲು ಶುರು ಮಾಡಿದಾಗಿನಿಂದ ನೋಡುತ್ತಿದ್ದರಂತೆ. "ಒಂಟಿಯಾಗಿ ಇರ್ಬೇಕು ಅನ್ಸಿರ್ತದೆ, ಇರ್ಲಿ ಬುಡು ಅಂತ ಸುಮ್ಕಿದ್ವಿ" ಎಂದರು ಚಿಕ್ಕಗಂಗಮ್ಮ, ಪಕ್ಕದ ಮನೆಯವರು.

ಇಲ್ಲಿ ಎಲ್ಲಿ ಕೂತರೂ ಯಾರಾದರೂ ನೋಡುತ್ತಿರುತ್ತಾರೆ. ನಿನ್ನೆ ಇದಕ್ಕೇ ಮಾರ್ಕ್ಸ್ ಕಳೆದಿದ್ದೆ. ಕಾರ್ಡ್ ತಿದ್ದಬೇಕು. ನಾಳೆ. ಈಗ ಕೈ ನಡುಗುತ್ತಿದೆ.

ಏಪ್ರಿಲ್ 21, ಮಂಗಳವಾರ

ಚಿಕ್ಕಗಂಗಮ್ಮನ ಹಸು ಬೆಳಗ್ಗೆಯಿಂದ ತಿಣುಕುತ್ತಿತ್ತು. ಕರು ಬರಲೊಲ್ಲದು. ಮಧ್ಯಾಹ್ನ ಗುರುಪ್ರಕಾಶ್ ಸೈಕಲ್ಲಿನಲ್ಲಿ ಬಂದ. ನನ್ನನ್ನು ನೋಡಿದ. ಕಿವಿ ಕೆಂಪಾಯಿತು. ಷರ್ಟ್ ಬಿಚ್ಚಿಟ್ಟು, ಬನಿಯನ್ನಿನಲ್ಲೇ ಮೊಣಕೈ ಮೇಲಿನವರೆಗೆ ಸೋಪು ಹಚ್ಚಿದ.

"ಕಾಲು ಮಡಚ್ಕಂಡೈತೆ" ಎಂದ. ಆಮೇಲೆ ನನಗೆ, "ಭಯ ಇಲ್ಲ ಅಂದಿದ್ರಲ್ಲ? ಬಾಲ ಹಿಡ್ಕಳಿ. ಬುಡ್ಬೇಡಿ."

ಹಿಡಿದುಕೊಂಡೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇಲ್ಲ. ಅವನು ಒಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಏನನ್ನೋ ನೆನಪಿಸಿಕೊಳ್ಳುವವನ ಹಾಗೆ ತಡಕುತ್ತಿದ್ದ. ಬಾಯಿ ಮಾತ್ರ ನಿಲ್ಲಲಿಲ್ಲ. "ಆಯ್ತು ಕಣವ್ವ. ಇನ್ನೊಂಚೂರು. ನನ್ಗೂ ನೋಯ್ತೈತೆ, ನಿನ್ಗೂ ನೋಯ್ತೈತೆ. ಇಬ್ರೂ ತಡ್ಕಳಾನ." ಹಸು ತಿಣುಕಿದಾಗ ಎಳೆಯುವುದು, ಸುಮ್ಮನಾದಾಗ ಬಿಡುವುದು. ನಲವತ್ತು ನಿಮಿಷ. ದೊಪ್ಪನೆ ಬಿತ್ತು ಕರು. ಬದುಕಿದೆ. ಹೆಣ್ಣು. ಚಿಕ್ಕಗಂಗಮ್ಮ ಅತ್ತುಬಿಟ್ಟರು.

ಹಸುವಿನ ಜೊತೆ ನಲವತ್ತು ನಿಮಿಷ ಮಾತಾಡಿದ. ನನ್ನ ಜೊತೆ ಐದು ನಿಮಿಷದಲ್ಲಿ ಎರಡು ಮಾತು. ಹೊಟ್ಟೆಕಿಚ್ಚಾಯಿತು. ಇದನ್ನು ಯಾರು ಓದುತ್ತಾರೆ, ಬರೆದರೇನು?

ಏಪ್ರಿಲ್ 22, ಬುಧವಾರ

ಅನಾಹುತ. ಡೈರಿ ಓದಲಿಲ್ಲ, ಕಾರ್ಡ್ ಓದಿದ್ದಾರೆ.

ಹಾಸಿಗೆ ಕೊಡವುವಾಗ ಬಿತ್ತಂತೆ. ಭದ್ರತ್ತೆ ನಾಲ್ಕನೇ ಕ್ಲಾಸು. ಕನ್ನಡಕ ಇಲ್ಲದೆ, ಒಂದೊಂದೇ ಅಕ್ಷರ ಕೂಡಿಸಿ ಓದಿದ್ದಾರೆ. ನಾನು ಸ್ನಾನ ಮುಗಿಸಿ ಬರುವ ಹೊತ್ತಿಗೆ ನಡುಮನೆಯಲ್ಲಿ ಕಾರ್ಡ್ ಹಿಡಿದು ಕೂತಿದ್ದರು.

"ಭದ್ರತ್ತೆ. ನಾಕು" ಎಂದರು. "ನಂಗೆ ಹತ್ತಕ್ಕೆ ನಾಕಾ?"

"ಅಯ್ಯೋ, ಅದು ನೀವಲ್ಲ ಅತ್ತೆ! ಅದು ಭದ್ರತೆ!"

"ಅದೇ ಕಣೇ, ನಾನೇ. ಕೋತಿಚೇಷ್ಟೆ ಜಾಸ್ತೀನಾ ನಂದು? ಕತ್ಲಾದ್ರೆ ಸದ್ದು… ಗೊರ್ಕೆ ಹೊಡಿತೀನಿ, ಹೂಂ. ನಿಮ್ಮಪ್ಪ ಮಾದೇವಯ್ಯ ಹೊಡಿಯಲ್ವಾ? ಯಾರ್ ಬಂದ್ರೂ ಒಳಕ್ ಬಿಟ್ಕತೀನಂತೆ. ನಿನ್ನೂ ಅಂಗೇ ಬಿಟ್ಕಂಡೆ ಕಣವ್ವ!"

"ಅತ್ತೆ, ಇಲ್ಲಿ ತ-ಒತ್ತು ಇಲ್ಲ. ನೋಡಿ. ಭದ್ರ-ತೆ. ಅಂದ್ರೆ ಸೇಫ್ಟಿ."

"ಒತ್ತು ಹಾಕಕ್ಕೆ ಮರ್ತಿದೀಯ. ಮಕ್ಕಳಿಗೆ ಪಾಠ ಹೇಳ್ಕೊಡೋಳು ನೀನು."

ಮುಸುಕು ಹಾಕಿ ಮಲಗಿಬಿಟ್ಟರು. ನಂತರ ಎದ್ದು ಮಿಲ್ಲಿಗೆ ಹೋದರು. ಕರೆಂಟ್ ಇರಲಿಲ್ಲ. ಹನ್ನೆರಡು ರಾಗಿ ಡಬ್ಬಿ, ಹನ್ನೆರಡು ಜನ.

ಸಂಜೆಯ ಹೊತ್ತಿಗೆ ಊರಿಗೆ ನಾಲ್ಕು ಎಂದಾಗಿತ್ತು. ಲಕ್ಷ್ಮೀನರಸಿಂಹಯ್ಯನವರು ಬಂದರು. ಅವರೊಬ್ಬರೇ ಶಾಂತವಾಗಿದ್ದರು. "ಎಸ್ಸೆಲ್ಸಿಗೆ ಮೂವತ್ತೈದು ಬಂದ್ರೆ ಪಾಸು. ನಮ್ಗೆ ನಲವತ್ತು ಬಂದೈತೆ. ಅಂದ್ರೆ ಪಾಸಾದಂಗೇ ಅಲ್ವೇನಮ್ಮ?"

ಗುರುಪ್ರಕಾಶನ ಕಿವಿಗೂ ಬಿದ್ದಿರುತ್ತದೆ. ಅಷ್ಟು ದೊಡ್ಡ ಕಿವಿ.

ಏಪ್ರಿಲ್ 25, ಶನಿವಾರ

ಎರಡು ದಿನ ಬರೆಯಲಿಲ್ಲ. ಭದ್ರತ್ತೆ ಮಾತು ಬಿಟ್ಟಿದ್ದರು. ನನಗೆ ಹೇಳಬೇಕಾದ್ದನ್ನು ಬೆಕ್ಕಿಗೆ ಹೇಳುತ್ತಿದ್ದರು. "ಮುದ್ದೆ ಆರೋಗ್ತೈತೆ, ಯಾರ್ಗಾದ್ರೂ ಬೇಕಾದ್ರೆ ತಿನ್ನಲಿ."

ಗುರುಪ್ರಕಾಶ್ ಗುರುವಾರದಿಂದ ಊರಲ್ಲಿರಲಿಲ್ಲ. ಈಗ ಬಂದ. ಮಾವನ ಹತ್ತಿರ ನಿಂತು, ನನಗೆ ಕೇಳಿಸುವ ಹಾಗೆ ಹೇಳಿದ.

"ತುಮ್ಕೂರಿಗೆ ಹೋಗಿ ಆಫೀಸಲ್ಲಿ ಕೇಳ್ಕಂಡ್ ಬಂದೆ. ಗುಬ್ಬಿ ಆಸ್ಪತ್ರೇಲಿ ರವೀಶ್ ಅಂತ ಅವ್ರೆ. ಮ್ಯೂಚುಯಲ್ ಟ್ರಾನ್ಸ್‌ಫರ್ ಮಾಡ್ಕಳಾನ ಅಂದ್ರು. ನಾನ್ ಅಲ್ಲಿಗೆ, ಅವ್ರ್ ಇಲ್ಲಿಗೆ. ಅರ್ಜಿ ಬರ್ದು ನನ್ ಸೈನ್ ಹಾಕಿದೀನಿ. ಅವ್ರು ನಾಳೆ ಹೆಂಡ್ತಿ ಜೊತೆ ಬಂದು ಊರ್ ನೋಡ್ಕಂಡು ಸೈನ್ ಹಾಕ್ತಾರೆ. ಅವ್ರ್ಗೆ ಈ ಊರ್ ಹಿಡಿಸ್ಲಿಲ್ವಲ್ಲ… ಅದ್ಕೇ." ಈ ಕೊನೆಯ 'ಅವ್ರು' ನಾನು.

ಹೊರಟುಹೋದ. ಒಳಗೆ ಬಂದು ಗೋಡೆಗೆ ಒರಗಿದೆ. ಗುಬ್ಬಿ ಎಂದರೆ ಅವರ ಮನೆ. ಅಣ್ಣಂದಿರು, ಅತ್ತಿಗೆಯರು, ಹನ್ನೊಂದು ಜನ, ಒಂದು ಬಚ್ಚಲು. ಅದೂ ಅಲ್ಲ. ಇಲ್ಲಿಂದ ಅವನನ್ನು ಕಿತ್ತುಕೊಂಡು ಹೋದರೆ ಚಿಕ್ಕಗಂಗಮ್ಮನ ಹಸುವಿಗೆ ಯಾರು? ಅದೂ ಅಲ್ಲ. ನನಗೇ ಹೋಗಲು ಮನಸ್ಸಿಲ್ಲ. ಜಗಲಿಯ ಮೇಲೆ ಐದು ಗಂಟೆಯ ಗಾಳಿ ಬರುತ್ತಿತ್ತು. ಬಿಕ್ಕಿ ಬಿಕ್ಕಿ ಅತ್ತೆ.

ಭದ್ರತ್ತೆ ಬೆಕ್ಕನ್ನು ಬಿಟ್ಟು ನನ್ನ ಹತ್ತಿರ ಬಂದರು. "ಯಾಕೇ? ಊರ್ ಬುಡ್ತಾವ್ನಲ್ಲ, ಖುಷಿ ಪಡು."

"ನಂಗೆ ಇಲ್ಲೇ ಇರ್ಬೇಕು ಅತ್ತೆ."

ಸೆರಗಿನಲ್ಲಿ ನನ್ನ ಮೂಗು ಒರೆಸಿದರು. ಜೋರಾಗಿ, ಎಲ್‌ಕೆಜಿ ಮಗುವಿಗೆ ಒರೆಸುವ ಹಾಗೆ. "ಅಂಗಾದ್ರೆ ಆ ರವೀಶಪ್ಪಂಗೆ ಈ ಊರು ಹಿಡಿಸ್ಬಾರ್ದು ಅಷ್ಟೇ ತಾನೆ?" ಎಂದು ಚಪ್ಪಲಿ ಮೆಟ್ಟಿಕೊಂಡು ಮಿಲ್ಲಿಗೆ ಹೊರಟರು.

ಏಪ್ರಿಲ್ 26, ಭಾನುವಾರ, ಸಂಜೆ 4

ರವೀಶ್ ಮತ್ತು ಅವರ ಹೆಂಡತಿ ಹತ್ತು ಗಂಟೆ ಬಸ್ಸಿಗೆ ಬಂದರು. ಹತ್ತು ದಿನ ನನಗೆ ಒಳ್ಳೆಯ ಮುಖ ತೋರಿಸಿದ ಊರು ಅವರಿಗೆ ಕೆಟ್ಟ ಮುಖ ತೋರಿಸಲು ಸಾಲಾಗಿ ನಿಂತಿತ್ತು.

ಕಂಡಕ್ಟರ್ ಬಸ್ಸಿನಲ್ಲೇ ಶುರು ಮಾಡಿದ್ದನಂತೆ. ಹೋಟೆಲಿನಲ್ಲಿ ತಣ್ಣನೆ ಕಾಫಿ. ಲೈಬ್ರರಿಗೆ ಬೀಗ. ಚಿಕ್ಕಗಂಗಮ್ಮನ ಲೆಕ್ಕದಲ್ಲಿ ಚಿರತೆ ಬೆಳಗ್ಗೆ ಮೂರು ನಾಯಿ ತಿಂದಿತ್ತು, ಮಧ್ಯಾಹ್ನಕ್ಕೆ ಐದಾಯಿತು. ಭದ್ರತ್ತೆ ಅವರನ್ನು ಮನೆಗೆ ಕರೆದು ಕೂರಿಸಿ ನನ್ನ ಷರಾ ಬಾಯಿಪಾಠ ಒಪ್ಪಿಸಿದರು. "ಕೋತಿಚೇಷ್ಟೆ ಜಾಸ್ತಿ ಕಣಮ್ಮ. ಕತ್ಲಾದ್ರೆ ವಿಚಿತ್ರ ಸದ್ದು. ಸುಧಾರಣೆ ಅಗತ್ಯ."

ರವೀಶ್ ಮಾತ್ರ ಜಗಲಿಯ ಮೇಲೆ ಕಾಲು ಚಾಚಿ, "ಏನೇ ಅನ್ನಿ, ಇಲ್ಲಿ ಗಾಳಿ ಚೆನ್ನಾಗೈತೆ" ಎಂದರು. ಜೇಬಿನಿಂದ ಪೆನ್ನು ತೆಗೆದೇಬಿಟ್ಟರು.

ಅಡ್ಡ ಬಂದದ್ದು ಅವರ ಹೆಂಡತಿ. ಬಂದಾಗಿನಿಂದ ಆಯಮ್ಮನನ್ನು ಹದಿನಾಲ್ಕು ಜನ ಮಾತಾಡಿಸಿದ್ದರು. ಮದುವೆಯಾಗಿ ಎಷ್ಟು ವರ್ಷ? ಮಕ್ಕಳು ಯಾಕಿಲ್ಲ? ಡಾಕ್ಟರಿಗೆ ತೋರಿಸಿದಿರಾ? ಅದರಲ್ಲಿ ನಾಟಕ ಏನೂ ಇರಲಿಲ್ಲ, ಇಲ್ಲಿ ಎಲ್ಲರನ್ನೂ ಹೀಗೇ ಕೇಳುತ್ತಾರೆ. ಆಯಮ್ಮ ಎದ್ದು ನಿಂತರು.

"ಇಲ್ಲಿ ಸೀನಿದ್ರೂ ಊರ್ಗೆಲ್ಲ ಗೊತ್ತಾಗತ್ತೆ ಕಣ್ರೀ. ಚಿರ್ತೆ ಬೇಕಾದ್ರೆ ಸಹಿಸ್ಕೊತೀನಿ. ಈ ಜನ ಬ್ಯಾಡ. ನಡೀರಿ."

ಎರಡು ಗಂಟೆ ಬಸ್ಸಿಗೆ ಹೋದರು. ಊರು ಗೆದ್ದಿತು. ಮಾವ ಎಲ್ಲರಿಗೂ ಟೀ ತರಿಸಿದರು. ನಾನು ಮಾತ್ರ ಆಯಮ್ಮನ ಕಣ್ಣು ಮರೆಯಲಾರೆ. ನೀರು ತುಂಬಿತ್ತು. ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ನನ್ನನ್ನು ಬಂಡೆಯಿಂದ ಇಳಿಸಿದವರೇ ಆಯಮ್ಮನನ್ನು ಬಸ್ಸು ಹತ್ತಿಸಿದ್ದು.

ಏಪ್ರಿಲ್ 27, ಸೋಮವಾರ

ಬೆಳಗ್ಗೆ ನಾನೇ ಪಶು ಆಸ್ಪತ್ರೆಗೆ ಹೋದೆ. ಗುರುಪ್ರಕಾಶ್ ಎಮ್ಮೆಗೆ ಇಂಜೆಕ್ಷನ್ ಕೊಡುತ್ತಿದ್ದ. ಮುಗಿಯುವವರೆಗೆ ಕಾದೆ.

"ಗುಬ್ಬಿ ಬೇಡ" ಎಂದೆ.

"ಮತ್ತೆ ನಾಕು ಕೊಟ್ರಿ?"

"ಅದು ಹಿಂದಿನ ಭಾನುವಾರದ್ದು. ಮಾರನೇ ದಿನ ತಿದ್ದಬೇಕಿತ್ತು, ಕೈ ನಡುಗ್ತಿತ್ತು. ನೀವಾದ್ರೂ ಬಂದು ಒಂದು ಮಾತು ಕೇಳಬಹುದಿತ್ತಲ್ಲ?"

ಸಿರಿಂಜ್ ತೊಳೆಯುತ್ತಾ ನಿಂತ. ಆಮೇಲೆ ಹಸುವಿನ ಜೊತೆ ಮಾತಾಡುವ ದನಿಯಲ್ಲಿ ಶುರು ಮಾಡಿದ. "ತುಮ್ಕೂರಿಗೆ ಹೋಗಿದ್ನಲ್ಲ, ಆವತ್ತು ನಿಮ್ಮ ಬೀದಿಗೂ ಹೋಗಿದ್ದೆ. ಎದ್ರುಗಡೆ ಟೀ ಅಂಗ್ಡೀಲಿ ಎರಡ್ ಗಂಟೆ ಕೂತಿದ್ದೆ. ನಮ್ಮೂರ್ಗೆ ನಾಕು ಕೊಟ್ಟೋರು ಎಂಥಾ ಊರಲ್ಲಿ ಅವ್ರೆ ಅಂತ ನೋಡಕ್ಕೆ. ಚರಂಡಿ ನಾತ. ಕೈಗಾತ್ರ ಸೊಳ್ಳೆ. ಒಬ್ರ್ ಮುಖ ಒಬ್ರು ನೋಡಲ್ಲ. ಎಂಗ್ರೀ ಬದುಕ್ತೀರಾ ಅಲ್ಲಿ?"

ಇಪ್ಪತ್ತಾರು ವರ್ಷ ಬದುಕಿದ್ದೇನೆ ಆ ಬೀದಿಯಲ್ಲಿ. ಸಿಟ್ಟು ಬರಬೇಕಿತ್ತು. ನಗು ಬಂತು, ಎಷ್ಟು ತಡೆದರೂ ನಿಲ್ಲಲಿಲ್ಲ.

"ಆದ್ರೂ ಬಂದು ಅರ್ಜಿ ಬರ್ದೆ" ಎಂದ. ರವೀಶ್ ಸೈನ್ ಹಾಕದೆ ಬಿಟ್ಟುಹೋದ ಅರ್ಜಿಯನ್ನು ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟ. ಹರಿದೆ. ಎಮ್ಮೆ ಒಂದು ಚೂರು ತಿಂದಿತು.

ಸಂಜೆ ಅಪ್ಪನಿಗೆ ಹೇಳಲು ಎಸ್‌ಟಿಡಿ ಬೂತಿಗೆ ಹೋದೆ. ಬಸ್ ಸ್ಟ್ಯಾಂಡಿನ ಎದುರಿಗೇ ಇದೆ. ಪಿಸುಗುಟ್ಟಿದೆ, "ಅಪ್ಪಾ, ಒಪ್ಪಿಗೆ."

"ಏನು?"

"ಒಪ್ಪಿಗೆ ಅಪ್ಪಾ."

"ಉಪ್ಪು? ಯಾಕೆ, ಅಲ್ಲಿ ಉಪ್ಪು ಸಿಗಲ್ವೇನೇ?"

"ಲೈನ್ ಸರಿ ಇಲ್ಲ, ಗಟ್ಟಿಯಾಗ್ ಹೇಳವ್ವ" ಎಂದರು ಬೂತಿನವರು. ಕೂಗಿದೆ. ಕೇಳಿಸಲಿಲ್ಲ. ಇನ್ನೊಮ್ಮೆ, ಗಂಟಲು ಹರಿಯುವ ಹಾಗೆ: "ನನಗೆ ಒಪ್ಪಿಗೆ! ಹುಡುಗ ಒಪ್ಪಿಗೆ! ಊರೂ ಒಪ್ಪಿಗೆ!"

ಅಪ್ಪನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಲೈನ್ ಕಟ್ ಆಯಿತು. ತಿರುಗಿ ನೋಡಿದರೆ ಬಸ್ ಸ್ಟ್ಯಾಂಡ್ ಪೂರ್ತಿ ನನ್ನ ಕಡೆಗೇ ತಿರುಗಿತ್ತು. ಲಕ್ಷ್ಮೀನರಸಿಂಹಯ್ಯನವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಆಮೇಲೆ ಯಾರೋ ಸೀಟಿ ಹೊಡೆದರು.

ಏಪ್ರಿಲ್ 28, ಮಂಗಳವಾರ, ಬೆಳಗ್ಗೆ 6

ಆರೂವರೆ ಬಸ್ಸು. ಬ್ಯಾಗ್ ಕಟ್ಟಿದ್ದೇನೆ. ಭದ್ರತ್ತೆ ದಾರಿಗೆ ರೊಟ್ಟಿ ಕಟ್ಟುತ್ತಾ ಅಳುತ್ತಿದ್ದಾರೆ, ಅಳುತ್ತಾ ಮದುವೆಗೆ ಯಾವ ಸೀರೆ ಎಂದು ಕೇಳುತ್ತಿದ್ದಾರೆ. ಸ್ಟ್ಯಾಂಡಿಗೆ ನಡೆದು ಹೋಗಲು ಇನ್ನೂ ಟೈಮಿದೆ ಎಂದು ಬರೆಯಲು ಕೂತೆ… ಹೊರಗೆ ಹಾರ್ನ್. ಬಾಗಿಲ ಸಂದಿಯಲ್ಲಿ ಕೆಂಪಗೆ ಏನೋ. ಬಸ್ಸು! ಸ್ಟ್ಯಾಂಡಿನಲ್ಲಿ ನಿಲ್ಲದೆ ಮನೆ ಬಾಗಿಲಿಗೇ ಬಂದಿದೆ. ಒಳಗೆಲ್ಲ ಅತ್ತೆಯ ಬೀದಿಯವರೇ ಕೂತಿದ್ದಾರೆ. ಮೆಟ್ಟಿಲ ಮೇಲೆ ಗುರುಪ್ರಕಾಶ್, ಇಸ್ತ್ರಿ ಷರ್ಟಿನಲ್ಲಿ. ಇವರೆಲ್ಲ ಎಲ್ಲಿಗೆ ಹೊರಟರು? "ನಿಮ್ಮೂರ್ ನೋಡಕ್ ಕಣವ್ವ!" ಎಂದು ಚಿಕ್ಕಗಂಗಮ್ಮ ಕಿಟಕಿಯಿಂದ ಕೂಗುತ್ತಿದ್ದಾರೆ.